ಕೊರವಂಗಲದ ಸೂರ್ಯನೂ ನಮ್ಮ ಅಡಿಗೆಮನೆಯೂ

ಕಳೆದ ಪುಷ್ಯಮಾಸದಲ್ಲಿ ನಮ್ಮ ತೀರ್ಥರೂಪರ ಪ್ರತ್ಯಾಬ್ದಿಕವು ನಡೆದ ದಿನ, ಬ್ರಾಹ್ಮಣಭೋಜನವು ಮುಗಿದು ಮನೆಮಂದಿಯೆಲ್ಲ ಎಲೆಯ ಮುಂದೆ ಕುಳಿತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗನು, “ತಾತ, ಮುತ್ತಾತನಿಗೆ ಆಲೂಗೆಡ್ಡೆ ಸೇರುತ್ತಿರಲಿಲ್ಲವೆ?” ಎಂದು ಕೇಳಿದನು. ಎಲೆಯ ಮೇಲೆ ಬಾಳೆಕಾಯಿಯ ಪಲ್ಯ, ಗೋರಿಕಾಯಿಯ ಪಲ್ಯ, ಹಾಗಲಕಾಯಿಯ ಗೊಜ್ಜು, ಮೆಣಸಿನ ಸಾರು, ಉದ್ದಿನ ವಡೆ, ಎಳ್ಳುಂಡೆ, ಪಾಯಸ ಇವೇ ಮೊದಲಾದುವು ಇದ್ದುವು. ಹುಡುಗನಿಗೆ ಪ್ರಿಯವಾದುದು ಪಾಯಸವೊಂದೇ. ನಿಜವನ್ನು ಹೇಳಬೇಕಾದರೆ, ನಮ್ಮ ತೀರ್ಥರೂಪರಿಗೆ ಆಲೂಗೆಡ್ಡೆಯೆಂದರೆ ಪಂಚಪ್ರಾಣ. ಹಸಿಯ ಮೆಣಸಿನಕಾಯಿ ಹಾಕಿ ಒಗ್ಗರಿಸಿದ ಪಲ್ಯವಿದ್ದ ದಿನ ಅವರು ಒಂದು ಹಿಡಿ ಅನ್ನವನ್ನು ಹೆಚ್ಚಾಗಿಯೇ ಉಣ್ಣುತ್ತಿದ್ದರು. ಅಂಥವರಿಗೆ ವರ್ಷಕ್ಕೊಮ್ಮೆ ನಾವು ಬಡಿಸುವ ಎಲೆಯಲ್ಲಿ ಅವರಿಗೆ ಬೇಕಾದುದೇ ಇಲ್ಲವೆಂಬ ಸಂಗತಿಯು, ಮೂವತ್ತು ವರ್ಷಗಳಿಗೂ ಮೇಲೆ ಹುಡುಗರಿಗೆ ಪಾಠ ಹೇಳಿದ ನನಗೆ ಅದುವರೆಗೆ ಹೊಳೆದಿರಲಿಲ್ಲ. “ಶಾಸ್ತ್ರದಲ್ಲಿ ಇಲ್ಲವಪ್ಪಾ” ಎಂದು ಹೇಳಿ ಹುಡುಗನ ಬಾಯಿಯನ್ನು ಮುಚ್ಚಿಸಿದೆನು. ಆದರೆ ಆ ಉತ್ತರವು ನನಗೇ ಸಾಲದಾಯಿತು.

ಶಾಸ್ತ್ರದಲ್ಲಿ ಇಲ್ಲವೆಂಬುದು ದಿಟವೇ. ಆದರೆ ಸ್ಮೃತಿಕಾರರು ಆಲೂಗೆಡ್ಡೆಯನ್ನು ನಿಷೇಧಿಸಿದುದರಿಂದ ಅದು ಇಲ್ಲದೆ ಹೋದುದಲ್ಲ. ಅವರು ಅದನ್ನು ಕಂಡಿರಲೇ ಇಲ್ಲ. ಕಾಣದ ಪದಾರ್ಥವನ್ನು ವಿಧಿಸುವುದೆಂತು, ನಿಷೇಧಿಸುವುದೆಂತು? ಹಾಗಾದರೆ ನಮ್ಮ ಶ್ರಾದ್ಧದ ಅಡಿಗೆಯು ಧರ್ಮಶಾಸ್ತ್ರಕ್ಕೆ ಸೇರಿದುದಾಗಿರುವಂತೆಯೇ ಚರಿತ್ರೆಗೂ ಸೇರಿದುದೆಂದು ನನಗೆ ತೋರಿತು. ಶಾಸನವನ್ನು ಕಲ್ಲಿನ ಮೇಲೆ ಕೊರೆಯುವರು. ಇದನ್ನು ನಮ್ಮ ಮನೆಯ ಹೆಂಗಸರು ಬಾಳೆಯೆಲೆಯ ಮೇಲೆ ವರ್ಷಕ್ಕೊಮ್ಮೆ ಬರೆಯುತ್ತ ಬಂದಿದ್ದಾರೆ.

ಈ ಯೋಚನೆಯಲ್ಲಿಯೇ ಕೆಲವು ದಿನಗಳ ತರುವಾಯ ಮೊಮ್ಮಗನನ್ನು ಕರೆದುಕೊಂಡು ಕೊರವಂಗಲಕ್ಕೆ ಹೋದೆನು. ಹಾಸನಕ್ಕೆ ಅನತಿದೂರದಲ್ಲಿರುವ ಈ ಗ್ರಾಮದ ಬೂಚೇಶ್ವರ ದೇವಾಲಯವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರುವರು. ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದ ಕ್ರಿ.ಶ. 1173ರಲ್ಲಿ, ಆ ಸಂಭ್ರಮದ ನೆನಪಿಗಾಗಿ ಬೂಚಿಯೆಂಬ ಅಧಿಕಾರಿಯು ಇದನ್ನು ಕಟ್ಟಿಸಿದನು. ಅವನ ಸಹೋದರರಾದ ಗೋವಿಂದ, ನಾಕ ಎಂಬುವರ ಹೆಸರನ್ನು ಹೊತ್ತ ಗೋವಿಂದೇಶ್ವರ, ನಾಕೇಶ್ವರ ಗುಡಿಗಳೂ ಇದೇ ಊರಿನಲ್ಲಿದ್ದು ಜೀರ್ಣವಾಗಿವೆ. ಬೂಚೇಶ್ವರವು ದ್ವಿಕೂಟ. ಪಶ್ಚಿಮದ ಗರ್ಭಗೃಹದಲ್ಲಿ ಶಿವಲಿಂಗವಿದೆ; ಅದಕ್ಕೆ ಎದುರಾಗಿ ಪೂರ್ವದಲ್ಲಿ ಸೂರ್ಯನಿಗೊಂದು ಗುಡಿಯಿದೆ. ನಡುವಣ ಮಂಟಪದಲ್ಲಿ ನಿಂತರೆ ಒಂದು ಕಡೆ ಈಶ್ವರ, ಮತ್ತೊಂದು ಕಡೆ ಆದಿತ್ಯ. ಆ ಸೂರ್ಯನ ವಿಷಯಕ್ಕೆ ಮುಂದೆ ಬರುವೆನು.

ಆ ಕಾಲದ ದತ್ತಿಶಾಸನಗಳಲ್ಲಿ ದೇವರ ನೈವೇದ್ಯಕ್ಕೆಂದೂ ನಂದಾದೀವಿಗೆಗೆಂದೂ ಗದ್ದೆ ಬೆದ್ದಲುಗಳನ್ನು ಬಿಟ್ಟ ಸಂಗತಿಯು ಪದೇ ಪದೇ ಬರುವುದು. ಹಾಸನ ಜಿಲ್ಲೆಯ ಶಾಸನಗಳನ್ನು ರೈಸ್ ದೊರೆಯು 1902ರಲ್ಲಿ ಅಚ್ಚುಹಾಕಿಸಿದ ಸಂಪುಟವನ್ನು ತೆರೆದು ನೋಡಿದವರಿಗೆ ಇದು ತಿಳಿದ ವಿಷಯವೇ. ಗದ್ದೆಯೆಂದರೆ ಬತ್ತ, ಬೆದ್ದಲೆಂದರೆ ಮಳೆಯನ್ನೇ ನಂಬಿದ ಬೆಳೆ. ಇಂದಿಗೂ ನಮ್ಮ ಸೀಮೆಯು ಹೀಗೆಯೇ ಎರಡಾಗಿದೆ: ಮಲೆನಾಡಿನ ಅಂಚಿನಲ್ಲಿ ಅಕ್ಕಿಯ ರೊಟ್ಟಿ, ಕಡುಬು, ಚನ್ನರಾಯಪಟ್ಟಣದ ಕಡೆಗೆ ಸರಿದಂತೆ ರಾಗಿಯ ಮುದ್ದೆ, ಹುರುಳಿಯ ಸಾರು. ಬತ್ತಕ್ಕೂ ರಾಗಿಗೂ ವ್ಯಾಜ್ಯವನ್ನು ಹೂಡಿ ರಾಮನ ಸನ್ನಿಧಿಯಲ್ಲಿ ನ್ಯಾಯ ಹೇಳಿಸಿದ ಕನಕದಾಸರ ರಾಮಧಾನ್ಯಚರಿತ್ರೆಯು ಹುಟ್ಟುವುದಕ್ಕೆ ಇಂಥ ನಾಡೇ ಬೇಕು.

ಬೂಚಿಯ ಮನೆಯ ಒಲೆಯ ಮೇಲೆ ಏನು ಬೇಯುತ್ತಿದ್ದಿತು? ಅದನ್ನು ಹೇಳುವ ಕಲ್ಲು ಇಲ್ಲ, ಗ್ರಂಥಗಳಿವೆ. ಕ್ರಿ.ಶ. 1025ರ ಸುಮಾರಿನಲ್ಲಿ ಚಾಳುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಪಾಕವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಅವನ ಇಡ್ಡಲಿಗೆಯು ಉದ್ದಿನದು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರನ್ನೂ ಸಂಬಾರವನ್ನೂ ಸೇರಿಸಿ ಮಾಡತಕ್ಕದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮುಮ್ಮಡಿ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿಯೂ ಈ ಬಗೆಯ ಭಕ್ಷ್ಯಗಳು ಬರುತ್ತವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ರಚಿಸಿ ಬದನೆ, ಬಾಳೆ, ಹಲಸು, ಕಳಲೆಗಳನ್ನು ಪಾಕಮಾಡುವ ಬಗೆಗಳನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದಾನೆ. ಕಾರಕ್ಕೆ ಇವರೆಲ್ಲರಿಗೂ ಮೆಣಸು, ಶುಂಠಿ. ಸಂಬಾರಕ್ಕೆ ಜೀರಿಗೆ, ಕೊತ್ತುಂಬರಿ, ಸಾಸುವೆ, ಇಂಗು.

ನಮ್ಮ ಶ್ರಾದ್ಧದ ಎಲೆಯನ್ನು ಇದರೊಡನೆ ಹೋಲಿಸಿ ನೋಡಬೇಕು. ಬೂಚಿಯು ಎದ್ದು ಬಂದು ನಮ್ಮ ಪಂಕ್ತಿಯಲ್ಲಿ ಕುಳಿತರೆ ಅವನು ಗುರುತಿಸಲಾಗದ ಪದಾರ್ಥವು ಆ ದಿನ ಒಂದೂ ಇರಲಾರದು. ಮಾರನೆಯ ದಿನ ಕುಳಿತರೆ ಅವನಿಗೆ ಅರ್ಧಕ್ಕರ್ಧ ಅಪರಿಚಿತ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ, ಸಿಹಿಗುಂಬಳ, ಸೀಮೆಬದನೆ, ನಾವು ಹುರುಳಿಕಾಯಿಯೆಂದು ಕರೆಯುವ ಬೀನ್ಸು, ಕಡಲೆಕಾಯಿ, ಪರಂಗಿಹಣ್ಣು ಇವೆಲ್ಲವೂ ಅಮೆರಿಕ ಖಂಡದ ಮೂಲದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಒಂದೊಂದಾಗಿ ಬಂದವು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮೆಣಸಿನಂತೆ ಖಾರವಾದ ಕಾಯಿಯು ಮೆಣಸಿನಕಾಯಿಯಾಯಿತು; ಪರಂಗಿಯವರ ಹಣ್ಣು ಪರಂಗಿಹಣ್ಣಾಯಿತು; ನೆಲದೊಳಗೆ ಬೆಳೆದ ಕಾಯಿಯು ಕಡಲೆಯ ಹೆಸರನ್ನು ಎರವಲು ಪಡೆಯಿತು. ಹೊಸ ಸೊಸೆಯನ್ನು ಮನೆಯ ಹಳೆಯ ಹೆಸರಿನಿಂದ ಕರೆದು ಒಳಕ್ಕೆ ತೆಗೆದುಕೊಂಡಂತೆ ಇವನ್ನೆಲ್ಲ ನಮ್ಮವರು ತೆಗೆದುಕೊಂಡರು. ಅಷ್ಟೇಕೆ, ನಾವು ಅಪ್ಪಟ ದೇಶೀಯವೆಂದು ಭಾವಿಸುವ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕ ಖಂಡದಿಂದ ಬಂದುದೇ. ಹುರುಳಿ ಹೆಸರುಗಳು ಮಾತ್ರ ದಕ್ಷಿಣದೇಶದ ನೂತನಶಿಲಾಯುಗದ ನೆಲೆಗಳಲ್ಲಿಯೇ ದೊರೆತಿರುವ ಪುರಾತನ ಧಾನ್ಯಗಳು.

ಹೀಗಿರಲು, ಅಜ್ಜಿಯ ಕೈಯಡಿಗೆಯೆಂದರೆ ಅನಾದಿಕಾಲದ್ದೆಂದು ನಂಬಿ ಬೆಳೆದ ನನ್ನಂಥವನಿಗೆ ಮೊದಲು ಸ್ವಲ್ಪ ಆಶಾಭಂಗವೇ ಆಯಿತು. ಅಜ್ಜಿಯ ಹುಳಿಯಿಂದ ಒಣಮೆಣಸಿನಕಾಯಿಯನ್ನು ತೆಗೆದರೆ ಉಳಿಯುವುದೇನು? ಬಹಳ ಹೊತ್ತು ಯೋಚಿಸಿದ ಮೇಲೆ ಕಂಡ ಸಮಾಧಾನವಿದು: ಹಳೆಯದಾಗಿದ್ದುದು ಪದಾರ್ಥವಲ್ಲ, ಕ್ರಮ. ಯಾವ ಮಾಸದಲ್ಲಿ ಯಾವುದು, ಯಾವ ಹೊತ್ತಿನಲ್ಲಿ ಯಾವುದು, ಯಾವುದರ ತರುವಾಯ ಯಾವುದು ಎಂಬ ಕಟ್ಟು. ಬಂದ ಪದಾರ್ಥವೆಲ್ಲವೂ ಆ ಕಟ್ಟಿಗೆ ಒಳಪಟ್ಟೇ ಮನೆಯನ್ನು ಸೇರಿತು.

ಧನುರ್ಮಾಸದ ಹುಗ್ಗಿಯನ್ನೇ ನೋಡಿ. ಪಾಠಶಾಲೆಯಲ್ಲಿ ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯಾಧ್ಯಾಯವನ್ನು ಓದುವಾಗ, ಹೇಮಂತದಲ್ಲಿ ರಾತ್ರಿಗಳು ದೀರ್ಘವಾದುದರಿಂದ ಮನುಷ್ಯನು ಬೆಳಗ್ಗೆಯೇ ಹಸಿಯುವನು, ಜಠರಾಗ್ನಿಯು ಬಲವಾಗಿರುವುದು ಎಂಬ ಅಭಿಪ್ರಾಯವು ಬಂದಿತು. ಹಸಿವಿನ ವಿಷಯದಲ್ಲಿ ವಿದ್ಯಾರ್ಥಿಗಳಾದ ನಮಗೆ ಯಾವ ಆಕ್ಷೇಪಣೆಯೂ ಇರಲಿಲ್ಲ. ಆದರೆ ವಾಗ್ಭಟನ ಹೆಸರನ್ನೇ ಕೇಳದ ನಮ್ಮ ಅಜ್ಜಿಯು ಅದೇ ತಿಂಗಳಿನಲ್ಲಿ ಅರುಣೋದಯಕ್ಕೆ ಮುಂಚೆ ಮಿಂದು, ಅಕ್ಕಿ ಹೆಸರುಬೇಳೆಗಳನ್ನು ಬೇಯಿಸಿ, ಮೆಣಸು ಜೀರಿಗೆ ಶುಂಠಿಗಳನ್ನು ತುಪ್ಪದಲ್ಲಿ ಒಗ್ಗರಿಸಿ, ದೇವರಿಗೆ ನಿವೇದಿಸಿ, ಕತ್ತಲೆ ಹರಿಯುವುದರೊಳಗೆ ನಮ್ಮ ಎಲೆಗೆ ಹುಗ್ಗಿಯನ್ನು ಬಡಿಸುತ್ತಿದ್ದರು. ಕಂಬಳಿಯನ್ನು ಹೊದೆದು ಒಲೆಯ ಮುಂದೆ ಸಾಲಾಗಿ ಕುಳಿತ ನಮಗೆ ಅದು ಪೂಜೆಯ ಪ್ರಸಾದವೋ ಚಳಿಯ ಔಷಧವೋ ಎಂಬ ವಿಚಾರವೇ ಇರಲಿಲ್ಲ. ಇದರಲ್ಲಿಯೂ ಮೆಣಸಿನಕಾಯಿಯಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬೂಚಿಯ ಮಕ್ಕಳೂ ಒಲೆಯ ಮುಂದೆ ಕುಳಿತು ಇಂಥದನ್ನೇ ಉಂಡಿದ್ದರೆ ಆಶ್ಚರ್ಯವಿಲ್ಲ.

ಧನುರ್ಮಾಸದ ಕೊನೆಗೆ ಸಂಕ್ರಾಂತಿ. ಎಳ್ಳು, ಬೆಲ್ಲ, ಕೊಬರಿ, ಹುರಿಗಡಲೆ, ಕಡಲೆಕಾಯಿಬೀಜ ಈ ಐದೂ ಸೇರಿದರೆ ನಮ್ಮ ಎಳ್ಳು. ಪಿತೃಗಳಿಗೂ ಸಲ್ಲುವ, ನೆರೆಮನೆಯ ಮಗುವಿಗೂ ಸಲ್ಲುವ ಎಳ್ಳಿನ ಪಕ್ಕದಲ್ಲಿ ಸಮುದ್ರದಾಚೆಯ ಕಡಲೆಕಾಯಿ! ಅದನ್ನು ಹುರಿದು, ಸಿಪ್ಪೆಯನ್ನು ಉಜ್ಜಿ, ಕೇರಿ, ಬೆಲ್ಲದ ಚೂರಿನ ಗಾತ್ರಕ್ಕೆ ಸರಿಯಾಗಿ ಬೇಳೆಯಾಗಿಸುವ ಹೆಂಗಸರಿಗೆ ಅದು ಹೊರಗಿನದೆಂದು ಹೇಳಿದರೆ ನಗುವರು. ನಗುವುದು ನ್ಯಾಯವೇ.

ಮಾಧ್ವರ ಮನೆಗಳ ಚಾತುರ್ಮಾಸ್ಯವು ಈ ಕ್ರಮಕ್ಕೆ ಅತ್ಯಂತ ಕಟ್ಟುನಿಟ್ಟಾದ ನಿದರ್ಶನ. ಆಷಾಢಶುದ್ಧ ಏಕಾದಶಿಯಿಂದ ಮೊದಲ್ಗೊಂಡು ಒಂದು ತಿಂಗಳು ಶಾಕವಿಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕಡೆಗೆ ದ್ವಿದಳವಿಲ್ಲ. ಇಲ್ಲವೆಂಬುದರಿಂದಲೇ ಎಷ್ಟೊಂದು ಬಗೆಯ ಅಡಿಗೆಯನ್ನು ಆ ಮನೆಗಳ ತಾಯಂದಿರು ಕಲ್ಪಿಸಿರುವರೆಂಬುದನ್ನು ಉಂಡವರೇ ಬಲ್ಲರು. ವ್ರತವು ಮುಗಿದ ದಿನದ ತೊವ್ವೆಗೆ ಇರುವ ರುಚಿಯು ದಿನವೂ ತೊವ್ವೆಯನ್ನುಣ್ಣುವವರಿಗೆ ದೊರೆಯುವುದಿಲ್ಲ.

ಇನ್ನು ಆಲೂಗೆಡ್ಡೆ. ಆಂಗ್ಲರ ಆಳ್ವಿಕೆಯ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಗೆಡ್ಡೆಯು ಹಾಸನದ ಹೆಸರಿನೊಡನೆಯೇ ಬೆಸೆದುಕೊಂಡಿತು. ಉತ್ತರದೇಶದಲ್ಲಿ ಚಳಿಗಾಲದ ಬೆಳೆಯಾದ ಇದು ನಮ್ಮಲ್ಲಿ ಮುಂಗಾರಿನ ಬೆಳೆಯಾಯಿತು. ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆಯ ಗೆಡ್ಡೆಯು ಮೇ ತಿಂಗಳಿನಲ್ಲಿ ಹಾಸನದ ಮಾರುಕಟ್ಟೆಗೆ ಬರುವುದು, ರೈತರು ಮೊದಲ ಮಳೆಗೆ ನೆಡುವರು, ಶ್ರಾವಣ ಭಾದ್ರಪದಗಳಲ್ಲಿ ಕೀಳುವರು. ಮಳೆಯು ಮಿತಿಮೀರಿದರೆ ಅಂಗಮಾರಿಯು ಬಂದು ಹೊಲಕ್ಕೆ ಹೊಲವೇ ಕಪ್ಪಾಗುವುದು. ಅನೇಕರು ಈ ಕಾರಣದಿಂದಲೇ ಅದನ್ನು ಬಿಟ್ಟು ಜೋಳಕ್ಕೆ ತಿರುಗಿದ್ದಾರೆ. ನನ್ನ ಬಾಲ್ಯದಲ್ಲಿ ಮಣ್ಣಿನ ವಾಸನೆಯಿನ್ನೂ ಹೋಗದ ಹೊಸ ಗೆಡ್ಡೆಯನ್ನು ಒಲೆಯ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ನಮ್ಮ ತೀರ್ಥರೂಪರು ಮಕ್ಕಳ ಕೈಗೆ ಕೊಡುತ್ತಿದ್ದರು. ಹೊರಗೆ ಜಡಿಮಳೆ. ಅವರು ಹೆಚ್ಚು ಮಾತಿನವರಲ್ಲ; ಪ್ರೀತಿಯನ್ನು ತೋರಿಸಿದುದು ಹೀಗೆಯೇ.

ಈಗ ಸೂರ್ಯನ ವಿಷಯ. ನಮ್ಮ ಸೀಮೆಯ ಚಳಿಗಾಲಕ್ಕೆ ಅವರೆಯೇ ಅಧಿದೇವತೆ. ರಾಗಿಯ ಹೊಲದ ಅಕ್ಕಡಿಸಾಲಿನಲ್ಲಿ ಬಿತ್ತಿದ ಹಳೆಯ ತಳಿಯ ಅವರೆಯು ಎಷ್ಟೇ ಹುಲುಸಾಗಿ ಬೆಳೆದರೂ, ಹಗಲು ಕುಗ್ಗಿ ಇರುಳು ಹಿಗ್ಗುವವರೆಗೆ ಹೂ ಬಿಡುವುದಿಲ್ಲ. ರಾಗಿಯ ಕುಯಿಲು ಮುಗಿದ ಮೇಲೆ ಹೊಲದಲ್ಲಿ ಅದೇ ಯಜಮಾನ. ಇಬ್ಬನಿಯಲ್ಲಿ ನೆನೆದ ಕಾಯಿಯ ಸೊಗಡು ಕೈಗೆ ಅಂಟಿದರೆ ತೊಳೆದರೂ ಹೋಗದು. ರಾತ್ರಿಯ ಊಟವಾದ ಮೇಲೆ ಮೊರದ ಸುತ್ತಲೂ ಅಜ್ಜಿ, ಅತ್ತೆ, ಸೊಸೆಯಂದಿರು, ಮಕ್ಕಳು ಕುಳಿತು ಕಾಯಿ ಸುಲಿಯುವುದು, ಮರುದಿನ ನೆನೆದ ಕಾಳನ್ನು ಬೆರಳುಗಳ ನಡುವೆ ಹಿಸುಕಿ ಬೇಳೆ ಬಿಡಿಸುವುದು, ಇವುಗಳಿಗೆ ಕೂಲಿಯೂ ಇಲ್ಲ, ಬೇಸರವೂ ಇಲ್ಲ. ಮನೆಯ ಚರಿತ್ರೆಯೆಲ್ಲ ನಾನು ಕೇಳಿದುದು ಆ ಮೊರದ ಬಳಿಯಲ್ಲಿಯೇ. ಯಾರ ಮದುವೆಗೆ ಯಾರು ಮುನಿದರು, ಯಾವ ಬರಗಾಲದಲ್ಲಿ ಯಾವ ಒಡವೆ ಹೋಯಿತು ಎಂಬುದನ್ನು ಬರೆದಿಟ್ಟವರಿಲ್ಲ. ಆ ದುಡಿಮೆಯ ಭಾರವೆಲ್ಲ ಹೆಂಗಸರ ಮೇಲೆಯೇ ಬಿದ್ದಿತೆಂಬುದನ್ನೂ ಮರೆಮಾಚತಕ್ಕದ್ದಲ್ಲ. ಮನೆಯ ಗಂಡಸರು ಸುಲಿದ ಕಾಯಿಗಿಂತ ಆಡಿದ ಮಾತೇ ಹೆಚ್ಚು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿರುಳುಗಳ ಅಳತೆಯನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಿಯಾದರೂ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ತಯಾರಿಸಿದ್ದಾರೆ. ರೈತನಿಗೆ ಇದರಿಂದ ಆಗಿರುವ ಅನುಕೂಲವನ್ನು ನಾನು ಅಲ್ಲಗಳೆಯಲಾರೆ. ಆಷಾಢದಲ್ಲಿಯೂ ಅವರೆಕಾಳಿನ ಉಪ್ಪಿಟ್ಟು ಬೇಕೆಂಬುವರಿಗೆ ಅದು ದೊರೆಯಲಿ. ಆದರೆ ಚರಿತ್ರೆಯನ್ನು ಬರೆಯುವವನು ಒಂದು ಮಾತನ್ನು ಗುರುತುಹಾಕಿಕೊಳ್ಳಬೇಕು. ಐನೂರು ವರ್ಷಗಳಿಂದ ಹೊರಗಿನ ಪದಾರ್ಥಗಳು ಬಂದು ನಮ್ಮ ಋತುಗಳಿಗೆ ತಲೆಬಾಗಿದುವು. ಋತುವಿನ ಹಂಗನ್ನೇ ಕಳಚಿಕೊಂಡು ನಮ್ಮದೇ ಕಾಳು ನಮ್ಮ ಮನೆಗೆ ಬರುತ್ತಿರುವುದು ಈ ನಮ್ಮ ಕಾಲದಲ್ಲಿ. ಕಳೆದ ಆಷಾಢದಲ್ಲಿ ಮಗನ ಮನೆಯಲ್ಲಿ ಅವರೆಕಾಳಿನ ಸಾರನ್ನು ಬಡಿಸಿದರು. ಅಂಗಡಿಯಿಂದ ಸುಲಿದೇ ಬಂದಿದ್ದಿತು. ರುಚಿಯಲ್ಲಿ ದೋಷವನ್ನು ಹೇಳಲಾರೆ. ಕೈಯನ್ನು ಮೂಸಿ ನೋಡಿದೆನು, ಸೊಗಡಿರಲಿಲ್ಲ.

ಕೊರವಂಗಲದ ಮಂಟಪದಲ್ಲಿ ಇದನ್ನೆಲ್ಲ ಮೊಮ್ಮಗನಿಗೆ ಅವನಿಗೆ ತಿಳಿಯುವಂತೆ ಹೇಳಿದೆನು. ಮುತ್ತಾತನಿಗೆ ಆಲೂಗೆಡ್ಡೆಯು ಬಹಳ ಇಷ್ಟವಾಗಿತ್ತೆಂಬುದನ್ನೂ, ಕೆಂಡದಲ್ಲಿ ಸುಡುತ್ತಿದ್ದ ಸಂಗತಿಯನ್ನೂ ಹೇಳಿದೆನು. ಶ್ರಾದ್ಧದ ಎಲೆಯು ಮುತ್ತಾತನೊಬ್ಬನಿಗೇ ಅಲ್ಲ, ಅವನಿಗೂ ಹಿಂದಿನ, ನಮಗೆ ಹೆಸರು ಸಹ ತಿಳಿಯದವರಿಗೂ ಹಾಕಿದ ಎಲೆ. ಅವರು ಉಂಡು ಬಲ್ಲದ್ದನ್ನೇ ಅಲ್ಲಿ ಬಡಿಸುವೆವು ಎಂದೆನು. ಹುಡುಗನು ಸ್ವಲ್ಪ ಹೊತ್ತು ಸೂರ್ಯನ ಗುಡಿಯ ಕಡೆಗೆ ನೋಡುತ್ತಿದ್ದು, “ಹಾಗಾದರೆ ಇವತ್ತು ಮುತ್ತಾತನಿಗೆ ಇಷ್ಟವಾದುದನ್ನು ಮಾಡೋಣ” ಎಂದನು.

ಆ ಸಂಜೆ ಮನೆಯಲ್ಲಿ ಒಲೆಯಿಲ್ಲದ ಕಾರಣ ಹಿತ್ತಿಲಿನ ನೀರೊಲೆಯ ಕೆಂಡದಲ್ಲಿ ಗೆಡ್ಡೆಗಳನ್ನು ಸುಟ್ಟೆವು. ನನ್ನ ಮನೆಯಾಕೆಯು ಆ ವರ್ಷದ ಸೊಗಡವರೆಯನ್ನು ತಂದು ಮೊರದಲ್ಲಿ ಸುರಿದಳು. ಹುಡುಗನು ಸುಲಿದ ಕಾಯಿ ಒಂದು ಹಿಡಿ, ಕೇಳಿದ ಪ್ರಶ್ನೆ ನೂರು.