ಹೆಜ್ಜೆ ಓದುವವರ ಕೈಗೆ ಬಂದ ಕಂಪ್ಯೂಟರ್

ನಿಮ್ಮಲ್ಲಿ ಕೆಲವರು ಇದನ್ನು ಓದ್ತಿದ್ದೀರಿ, ಇನ್ನು ಕೆಲವರು ಪಾಡ್‌ಕಾಸ್ಟ್‌ನಲ್ಲಿ ಕೇಳ್ತಿದ್ದೀರಿ. ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದರೂ ಅಕ್ಷರ ಕೂಡಿಸಿ ಓದೋದು ನಿಧಾನ ಅನ್ನುವವರಿಗೆ ಈ ಸಲದ ಕಥೆ ಸ್ವಲ್ಪ ಹೆಚ್ಚು ಹತ್ತಿರವಾಗಬಹುದು. ಯಾಕಂದ್ರೆ ಇದು ಓದು ಬರಹ ಬಾರದ ಇಬ್ಬರು ವೈಜ್ಞಾನಿಕ ಲೇಖನವೊಂದರ ಸಹಲೇಖಕರಾದ ಕಥೆ.

ಜಾಗ ದಕ್ಷಿಣ ಆಫ್ರಿಕಾದ ಕರೂ ರಾಷ್ಟ್ರೀಯ ಉದ್ಯಾನ. ಒಣ ನೆಲ, ಕುರುಚಲು ಗಿಡ, ಕಲ್ಲುಗುಡ್ಡ. ಅಲ್ಲಿ ಕಪ್ಪು ಘೇಂಡಾಮೃಗಗಳ ಜಾಡು ಹಿಡಿಯುವ ಕೆಲಸ ಕಾರೆಲ್ ಬೆನಾಡಿ ಮತ್ತು ಜೇಮ್ಸ್ ಮಿನ್ಯೆ ಅವರದು. ಪ್ರಾಣಿ ಯಾವಾಗ ಹೋಯ್ತು, ಎಲ್ಲಿ ಮಲಗಿತ್ತು, ಯಾವ ಗಿಡದ ಟೊಂಗೆ ಕಚ್ಚಿತು, ಇದೆಲ್ಲ ಅವರಿಗೆ ನೆಲ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಅದು ನೋಟ್‌ಬುಕ್ಕಿಗೆ ಇಳಿಯಬೇಕಾದರೆ ಬರೆಯಬಲ್ಲ ಇನ್ನೊಬ್ಬರು ಬೇಕು. ಬರೆದವರು ಸಂಶೋಧಕರಾಗುತ್ತಾರೆ, ಹೇಳಿದವರು ಹೆಚ್ಚೆಂದರೆ ಕೃತಜ್ಞತೆಯ ಸಾಲಿನಲ್ಲಿ ಉಳಿಯುತ್ತಾರೆ. ಫೀಲ್ಡ್‌ವರ್ಕ್‌ನ ಇತಿಹಾಸದಲ್ಲಿ ಇದು ಎಲ್ಲ ಕಡೆ ನಡೆದು ಬಂದದ್ದೇ.

ಲೂಯಿ ಲೀಬೆನ್‌ಬರ್ಗ್ ಅನ್ನುವವರು ಕಲಹಾರಿ ಮರುಭೂಮಿಯ ಬೇಟೆಗಾರರ ಜೊತೆ ವರ್ಷಗಟ್ಟಲೆ ಓಡಾಡಿದ್ದರು. ಜಾಡು ಹಿಡಿಯೋದು ಅಂದರೆ ಊಹೆ ಕಟ್ಟಿ ಅದನ್ನು ಪುರಾವೆಗೆ ಒಡ್ಡೋದು, ವಿಜ್ಞಾನದ ಮೂಲವೇ ಅಲ್ಲಿರಬಹುದು ಎಂದು 1990ರಲ್ಲಿ ಪುಸ್ತಕ ಬರೆದರು. ಬೇಟೆ ನಿಂತರೆ ಈ ವಿದ್ಯೆಯೂ ಸಾಯುತ್ತದೆ ಎಂಬ ಚಿಂತೆ ಅವರಿಗಿತ್ತು. 1996ರಲ್ಲಿ ಕೇಪ್‌ಟೌನ್‌ನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಜಸ್ಟಿನ್ ಸ್ಟೀವೆಂಟನ್ ಜೊತೆ ಸೇರಿ ಅವರು ಮಾಡಿದ್ದೇ ಸೈಬರ್‌ಟ್ರ್ಯಾಕರ್.

ಮೊದಲು ಆಪಲ್ ಕಂಪನಿಯ ನ್ಯೂಟನ್, ಆಮೇಲೆ ಪಾಮ್‌ಪೈಲಟ್, ಎರಡೂ ಅಂಗೈ ಮೇಲೆ ಹಿಡಿಯುವ ಕಂಪ್ಯೂಟರ್‌ಗಳು. ಅದಕ್ಕೆ ಒಂದು ಜಿಪಿಎಸ್ ರಿಸೀವರ್ ಜೋಡಣೆ. ಪರದೆ ಮೇಲೆ ಅಕ್ಷರದ ಬದಲು ಚಿತ್ರಗಳು: ಪ್ರಾಣಿ, ಗಿಡ, ಮೇಯೋದು, ಕುಡಿಯೋದು, ಮಲಗೋದು. ಚಿತ್ರ ಮುಟ್ಟುತ್ತಾ ಹೋದರೆ ಮುಗೀತು, ದಿನಾಂಕ, ಸಮಯ, ಸ್ಥಳ ತಾನಾಗಿ ದಾಖಲಾಗುತ್ತದೆ. ಸಂಜೆ ವಾಪಸ್ ಬಂದು ಆಫೀಸಿನ ಕಂಪ್ಯೂಟರ್‌ಗೆ ಜೋಡಿಸಿದರೆ ನಕ್ಷೆ ರೆಡಿ.

ಸ್ಥಳ ತಾನಾಗಿ ಗೊತ್ತಾಗೋದು ಹೇಗೆ? ಉಪಗ್ರಹದಿಂದ ಹೊರಟ ಸಿಗ್ನಲ್ ತಲುಪಲು ಎಷ್ಟು ಹೊತ್ತಾಯ್ತು ಎಂದು ಅಳೆದು ದೂರ ಲೆಕ್ಕ ಹಾಕುತ್ತಾರೆ. ಕನಿಷ್ಠ ನಾಲ್ಕು ಉಪಗ್ರಹ ಬೇಕು: ಮೂರು ಸ್ಥಳಕ್ಕೆ, ಇನ್ನೊಂದು ನಿಮ್ಮ ರಿಸೀವರ್‌ನ ಅಗ್ಗದ ಗಡಿಯಾರದ ತಪ್ಪನ್ನು ಸರಿಮಾಡಲು. ಸಮಯದಲ್ಲಿ ಒಂದು ಮೈಕ್ರೋಸೆಕೆಂಡ್ ಹೆಚ್ಚುಕಮ್ಮಿಯಾದರೆ ನೆಲದ ಮೇಲೆ ಸುಮಾರು 300 ಮೀಟರ್ ಎಡವಟ್ಟು.

ಆಗ ಇನ್ನೊಂದು ತೊಡಕೂ ಇತ್ತು. ಜಿಪಿಎಸ್ ಅಮೆರಿಕದ ಮಿಲಿಟರಿಯ ಆಸ್ತಿ. ಶತ್ರುಗಳಿಗೆ ಉಪಯೋಗವಾಗಬಾರದೆಂದು ಸಾಮಾನ್ಯರಿಗೆ ಸಿಗುವ ಸಿಗ್ನಲ್ಲಿನಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ನೀವು ಇರುವ ಜಾಗ 100 ಮೀಟರಿನಷ್ಟು ಆಚೀಚೆ ತೋರಿಸಬಹುದಿತ್ತು. ಪ್ರಾಣಿ ಯಾವ ಕಣಿವೆಯಲ್ಲಿತ್ತು ಅನ್ನಲು ಅಷ್ಟು ಸಾಕು, ಯಾವ ಪೊದೆಯ ಹತ್ತಿರ ಅನ್ನಲು ಸಾಲದು. ನಿಖರತೆ ಬೇಕಾದವರು ಗೊತ್ತಿರುವ ಜಾಗದಲ್ಲಿ ಎರಡನೇ ರಿಸೀವರ್ ಇಟ್ಟು, ಅದು ತೋರಿಸುವ ತಪ್ಪನ್ನು ಕಳೆದು ಲೆಕ್ಕ ಸರಿಮಾಡುತ್ತಿದ್ದರು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಆ ಕಲಬೆರಕೆ ನಿಂತಿತು. ರಾತ್ರಿ ಬೆಳಗಾಗೋದರೊಳಗೆ ಪ್ರಪಂಚದ ಎಲ್ಲ ಹಳೇ ರಿಸೀವರ್‌ಗಳೂ ಹಲವು ಪಟ್ಟು ನಿಖರವಾದವು, ಯಾರೂ ಒಂದು ಸ್ಕ್ರೂ ಕೂಡ ಬಿಚ್ಚದೆ!

ಆದರೆ ಕರೂದಲ್ಲಿ ದೊಡ್ಡ ಮಾತು ನಡೆದದ್ದು ಅದಕ್ಕೂ ಮುಂಚೆ. ಘೇಂಡಾಮೃಗಗಳ ಮೇಯುವ ರೀತಿಯ ಬಗ್ಗೆ ಬೆನಾಡಿ ಮತ್ತು ಮಿನ್ಯೆ ತಮ್ಮದೇ ಒಂದು ಊಹೆ ಮುಂದಿಟ್ಟರು. ತಾವೇ ಸಂಗ್ರಹಿಸಿದ ದತ್ತಾಂಶ ಅದನ್ನು ಬೆಂಬಲಿಸಿತು. 1999ರಲ್ಲಿ ‘ಪ್ಯಾಕಿಡರ್ಮ್’ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ನಾಲ್ಕು ಹೆಸರುಗಳಿವೆ: ಲೀಬೆನ್‌ಬರ್ಗ್, ಸ್ಟೀವೆಂಟನ್, ಬೆನಾಡಿ, ಮಿನ್ಯೆ. ಪ್ರಶ್ನೆ ಅವರದು, ದಾಖಲೆ ಅವರದು, ಹೆಸರೂ ಅವರದು. ವಿದ್ಯೆ ಮೊದಲೇ ಇತ್ತು. ಯಂತ್ರ ಮಾಡಿದ್ದು ನಡುವಿನ ಬರಹಗಾರನನ್ನು ತೆಗೆದುಹಾಕಿದ್ದು, ಅಷ್ಟೇ.

ಆಮೇಲೆ ಇದು ಹರಡಿತು. ನಿಮ್ಮಲ್ಲಿ ಆಸ್ಟ್ರೇಲಿಯಾದವರು ಗಮನಿಸಿ: ಅಲ್ಲಿನ ಉತ್ತರ ಭಾಗದ ಮೂಲನಿವಾಸಿ ರೇಂಜರ್‌ಗಳು ಐ-ಟ್ರ್ಯಾಕರ್ ಹೆಸರಿನಲ್ಲಿ ಇದೇ ಸಾಫ್ಟ್‌ವೇರ್ ಬಳಸಿ ತಮ್ಮ ನೆಲ, ಕಡಲಿನ ದಾಖಲೆ ಇಟ್ಟರು. ಭಾರತದಲ್ಲಿ 2010ರಲ್ಲಿ ಎಂ-ಸ್ಟ್ರೈಪ್ಸ್ ಎಂಬ ಬೇರೆಯೇ ವ್ಯವಸ್ಥೆ ಬಂತು. 2018ರ ಹುಲಿ ಗಣತಿಯಲ್ಲಿ ಅದರ ಮೊಬೈಲ್ ಆ್ಯಪ್ ಬಳಕೆಯಾಯಿತು. ಬಂಡೀಪುರ, ನಾಗರಹೊಳೆಯ ಹುಲಿ ಲೆಕ್ಕವನ್ನು ನೀವು ಸುದ್ದಿಯಲ್ಲಿ ಓದುವಾಗ, ಅದರ ಹಿಂದೆ ಬೀಟ್ ನಡೆದ ಗಾರ್ಡ್, ವಾಚರ್‌ಗಳ ಕಾಲಿದೆ ಎಂದು ನೆನಪಿರಲಿ.

ದತ್ತಾಂಶದ ಕೆಲಸ ಮಾಡುವವನಾಗಿ ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಒಂದು, ಪರದೆ ಮೇಲೆ ಚಿತ್ರ ಇಲ್ಲದ್ದು ದಾಖಲಾಗೋದಿಲ್ಲ. ಪಟ್ಟಿ ಮಾಡುವಾಗ ಜಾಡು ಬಲ್ಲವರು ಕೂತಿರದಿದ್ದರೆ, ಅವರು ಕಂಡದ್ದು ಕಾಡಿನಲ್ಲೇ ಉಳಿಯುತ್ತದೆ. ಎರಡು, ಪ್ರಾಣಿಯ ಜಾಗ ತೋರಿಸುವ ಯಂತ್ರ ಅದನ್ನು ಹಿಡಿದವರ ಜಾಗವನ್ನೂ ತೋರಿಸುತ್ತದೆ. ಗಾರ್ಡ್ ಎಷ್ಟು ನಡೆದ, ಎಲ್ಲಿ ಕೂತ ಅನ್ನೋದು ಮೇಲಿನವರಿಗೆ ಕಾಣುತ್ತದೆ. ಘೇಂಡಾಮೃಗದ ನಕ್ಷೆ ಕಳ್ಳಬೇಟೆಯವರ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ಆದ್ದರಿಂದ ‘ಎಷ್ಟು ನಿಖರ?’ ಎಂದು ಕೇಳುವ ಜೊತೆಗೆ ‘ಯಾರ ಕೈಯಲ್ಲಿದೆ?’ ಎಂದೂ ಕೇಳಿ.

ಇವತ್ತು ಆ ಎರಡೂ ಉಪಕರಣ ಸೇರಿ ನಿಮ್ಮ ಜೇಬಿನ ಫೋನಾಗಿದೆ. ಈ ವಾರ ಮನೆ ಹತ್ತಿರದ ಪಾರ್ಕಿಗೆ ಹೋದಾಗ ಒಂದು ಹಕ್ಕಿಯನ್ನೋ ಮರವನ್ನೋ ದಾಖಲಿಸಿ ನೋಡಿ. ಅದಕ್ಕೆ ನಿಮ್ಮ ಅಜ್ಜಿ ಏನಂತ ಕರೀತಿದ್ರು ಅಂತ ಫೋನ್ ಮಾಡಿ ಕೇಳಿ, ಆ ಹೆಸರನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಅಕ್ಷರ ತಪ್ಪಾದರೂ ಪರವಾಗಿಲ್ಲ.