ಗಾಯಗೊಂಡ ಎಳೆಯ ಆಟಗಾರ: ಮೈದಾನಕ್ಕೆ ಮರಳುವ ದಿನ ನಿರ್ಧರಿಸುವವರು ಯಾರು?

ಬೆಂಗಳೂರು: 2025ರ ಆಗಸ್ಟ್ 4ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ ತಂಡ ಇಂಗ್ಲೆಂಡ್ ವಿರುದ್ಧ 6 ರನ್‌ಗಳ ರೋಚಕ ಜಯ ಸಾಧಿಸಿತು. ಆ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ಬೆಂಗಳೂರಿನ ವೇಗಿ ಪ್ರಸಿದ್ಧ ಕೃಷ್ಣ ತಲಾ 4 ವಿಕೆಟ್ ಪಡೆದಿದ್ದರು. ಅದರ ಹಿಂದಿನ ಮೂರು ವರ್ಷಗಳ ಕಥೆಯನ್ನು ಮಾತ್ರ ಸ್ಕೋರ್ ಪಟ್ಟಿ ಹೇಳುವುದಿಲ್ಲ.

2022ರಲ್ಲಿ ಅವರ ಬೆನ್ನುಮೂಳೆಯ ಕೆಳಭಾಗದಲ್ಲಿ ಅತಿಒತ್ತಡದ ಬಿರುಕು ಕಾಣಿಸಿಕೊಂಡಿತು. ಸುಮಾರು ಒಂದು ವರ್ಷ ಅವರು ಆಟದಿಂದ ದೂರ ಉಳಿದರು. 2023ರ ಐಪಿಎಲ್ ಕೈತಪ್ಪಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮರಳಿದರೂ, 2024ರ ಫೆಬ್ರವರಿಯಲ್ಲಿ ತೊಡೆಯ ಸ್ನಾಯುರಜ್ಜುವಿನ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಇನ್ನೊಂದು ಐಪಿಎಲ್ ಕೂಡ ಹೋಯಿತು. 2025ರ ಐಪಿಎಲ್‌ನಲ್ಲಿ 25 ವಿಕೆಟ್ ಕಿತ್ತು ಅಗ್ರಸ್ಥಾನ ಪಡೆದದ್ದು ಇಷ್ಟೆಲ್ಲ ಕಾಯ್ದ ಬಳಿಕ. ಕೆ.ಎಲ್. ರಾಹುಲ್ ಅವರದೂ ಇಂಥದೇ ಉದಾಹರಣೆ. 2023ರ ಮೇ 1ರಂದು ತೊಡೆಯ ಗಾಯಕ್ಕೆ ತುತ್ತಾಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್ ಬಾರಿಸುವ ಮೂಲಕ ಅವರು ಪುನರಾಗಮನ ಸಾರಿದರು.

ಇಂಥ ತಾರೆಯರ ಬೆನ್ನಿಗೆ ಬೆಂಗಳೂರಿನ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್‌ನ ವೈದ್ಯರು, ಫಿಸಿಯೋಗಳು, ತರಬೇತುದಾರರು ಇರುತ್ತಾರೆ. ಹೊರಮಾವಿನ ಬಾಡಿಗೆ ಟರ್ಫ್‌ನಲ್ಲಿ ಮಂಡಿ ತಿರುಚಿಕೊಂಡ ಹದಿನಾಲ್ಕರ ಹುಡುಗಿಗೋ, ಫುಟ್‌ಬಾಲ್ ಗೀಳಿಗೆ ಹೆಸರಾದ ಹಲಸೂರಿನ ಗೌತಮಪುರದ ಹುಡುಗನಿಗೋ ಆ ಸೌಭಾಗ್ಯವಿಲ್ಲ. ಅವರ ಪಾಲಿಗೆ ಅಕಾಡೆಮಿಯೂ ಮನೆಯೇ, ವ್ಯವಸ್ಥಾಪಕರೂ ತಂದೆ-ತಾಯಿಯೇ. ಹೀಗಾಗಿ ಕೆಲವು ಸಂಗತಿಗಳು ಪೋಷಕರಿಗೆ ತಿಳಿದಿರುವುದು ಅಗತ್ಯ.

ಎಳೆಯ ಮೂಳೆಯ ಲೆಕ್ಕವೇ ಬೇರೆ

ಮಕ್ಕಳೆಂದರೆ ದೊಡ್ಡವರ ಚಿಕ್ಕ ಪ್ರತಿಗಳಲ್ಲ. ಬೆಳೆಯುವ ವಯಸ್ಸಿನಲ್ಲಿ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹುಡುಗಿಯರಲ್ಲಿ ಸಾಮಾನ್ಯವಾಗಿ 13ರಿಂದ 15, ಹುಡುಗರಲ್ಲಿ 15ರಿಂದ 17ನೇ ವಯಸ್ಸಿನಲ್ಲಿ ಇದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಈ ಪದರ ಸುತ್ತಲಿನ ಲಿಗಮೆಂಟ್‌ಗಿಂತ ದುರ್ಬಲ. ದೊಡ್ಡವರಲ್ಲಿ ಬರಿಯ ಉಳುಕಾಗಬಹುದಾದ ಪೆಟ್ಟು ಮಕ್ಕಳಲ್ಲಿ ಮೂಳೆಮುರಿತವೇ ಆಗಿರಬಹುದು.

ಆದ್ದರಿಂದ ಊತ ಮತ್ತು ನೋವು ಇದ್ದು, ಕಾಲೂರಲು ಆಗದಿದ್ದರೆ ಎಕ್ಸ್‌ರೇ ತೆಗೆಸದೆ ಎಣ್ಣೆ ನೀವಿಸುವುದಾಗಲಿ, ಪುತ್ತೂರು ಕಟ್ಟು ಹಾಕಿಸುವುದಾಗಲಿ ಸಲ್ಲದು. ಪದರ ಸರಿಯಾಗಿ ಕೂಡಿಕೊಳ್ಳದಿದ್ದರೆ ಮೂಳೆಯ ಬೆಳವಣಿಗೆಯೇ ಕುಂಠಿತವಾಗಬಹುದು. ನಗರದ ಪೂರ್ವ ಭಾಗದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಮೂಳೆರೋಗ ವಿಭಾಗವಿದೆ. ಜಯನಗರದ ಸಂಜಯ ಗಾಂಧಿ ಸಂಸ್ಥೆಯೂ ಸರ್ಕಾರಿ ಸೌಲಭ್ಯವೇ.

ವೇಗದ ಬೌಲಿಂಗ್ ಮಾಡುವ ಮಕ್ಕಳ ಬೆನ್ನುನೋವನ್ನು ಹಗುರವಾಗಿ ಕಾಣಬಾರದು. ಸೊಂಟದ ಒಂದೇ ಬದಿಯಲ್ಲಿ ಎರಡು ವಾರ ಕಳೆದರೂ ನೋವು ಉಳಿದರೆ ಬೌಲಿಂಗ್ ನಿಲ್ಲಿಸಿ ತಪಾಸಣೆ ಮಾಡಿಸಬೇಕು. ಪ್ರಸಿದ್ಧ ಕೃಷ್ಣ ಅವರನ್ನು ವರ್ಷಗಟ್ಟಲೆ ಕಾಡಿದಂಥ ಬಿರುಕು ಆರಂಭದಲ್ಲಿ ಎಕ್ಸ್‌ರೇಯ ಕಣ್ಣಿಗೆ ಬೀಳದೆಯೂ ಇರಬಹುದು. ಆಗ ಎಂಆರ್‌ಐ ಬೇಕಾಗುತ್ತದೆ.

ಮೊದಲ ವಾರ

ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರದಲ್ಲಿಡುವುದು: ಈ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸ್ ಹಾಗೂ ಸಂಪೂರ್ಣ ವಿಶ್ರಾಂತಿ ಗುಣಮುಖವಾಗುವುದನ್ನು ನಿಧಾನಗೊಳಿಸಬಹುದು ಎಂದು 2014ರಲ್ಲಿ ತಿದ್ದಿಕೊಂಡವರೂ ಅವರೇ. ನೋವು ಶಮನಕ್ಕೆ ಸ್ವಲ್ಪ ಹೊತ್ತು ಐಸ್ ಇಟ್ಟರೆ ಅಡ್ಡಿಯಿಲ್ಲ. ಮೊದಲ ಎರಡು-ಮೂರು ದಿನ ಗಾಯವನ್ನು ಕಾಪಾಡಿ, ಆನಂತರ ವೈದ್ಯರು ಹೇಳಿದಷ್ಟೇ ಪ್ರಮಾಣದಲ್ಲಿ ಚಲನೆ ಆರಂಭಿಸುವುದು ಇಂದಿನ ಕ್ರಮ. ತಲೆಗೆ ಪೆಟ್ಟು ಬಿದ್ದು ಗೊಂದಲ, ತಲೆಸುತ್ತು ಕಂಡರೆ ಆ ದಿನ ಮತ್ತೆ ಕಣಕ್ಕಿಳಿಸುವ ಪ್ರಶ್ನೆಯೇ ಇಲ್ಲ. ವಾಂತಿ ಅಥವಾ ಮಂಪರು ಇದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಕ್ಯಾಲೆಂಡರ್ ಅಲ್ಲ, ಪರೀಕ್ಷೆ

ಮಕ್ಕಳ ಕ್ರೀಡಾವರ್ಷ ಹೋಬಳಿ, ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲೇರುತ್ತದೆ. ಒಂದು ಮೆಟ್ಟಿಲು ತಪ್ಪಿದರೆ ವರ್ಷವೇ ಹೋಯಿತೆಂಬ ಆತಂಕ ಮನೆಯವರನ್ನೂ ತರಬೇತುದಾರರನ್ನೂ ಕಾಡುತ್ತದೆ. ಬಹುಪಾಲು ಅನಾಹುತಗಳ ಮೂಲ ಈ ಆತುರವೇ.

ಮಂಡಿಯ ಎಸಿಎಲ್ ಲಿಗಮೆಂಟ್ ಹರಿದವರ ಉದಾಹರಣೆ ಇದಕ್ಕೆ ಕನ್ನಡಿ. ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದಷ್ಟೂ, ಪ್ರತಿ ತಿಂಗಳಿಗೆ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿಯುತ್ತದೆಂದು ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಕ್ರೀಡೆಗೆ ಮರಳಿದ 25ರೊಳಗಿನವರಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಅದೇ ಗಾಯವಾಗುತ್ತದೆಂದು ಅದೇ ವರ್ಷದ ಇನ್ನೊಂದು ವಿಶ್ಲೇಷಣೆ ಹೇಳಿತು. ಎರಡನೆಯ ಗಾಯ ಆದ ಮಂಡಿಗೇ ಆಗಬೇಕೆಂದಿಲ್ಲ, ಗಟ್ಟಿಯಾಗಿದ್ದ ಇನ್ನೊಂದು ಮಂಡಿಗೂ ಆಗಬಹುದು.

ನೋವಿಲ್ಲ ಎಂಬುದಷ್ಟೇ ಗುಣವಾದ ಲಕ್ಷಣವಲ್ಲ. ಗಾಯಗೊಂಡ ಕಾಲಿನ ಬಲ ಮತ್ತು ಒಂಟಿಕಾಲ ಜಿಗಿತ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಮುಟ್ಟಿರಬೇಕೆಂಬುದು ಫಿಸಿಯೋಗಳು ಸಾಮಾನ್ಯವಾಗಿ ಬಳಸುವ ಅಳತೆ. ಮೊದಲು ನೇರ ಓಟ, ನಂತರ ತಿರುವಿನ ಓಟ, ಆಮೇಲೆ ತಂಡದೊಂದಿಗೆ ಅಭ್ಯಾಸ, ಕೊನೆಗೆ ಪಂದ್ಯ. ನೋವುನಿವಾರಕ ಮಾತ್ರೆ ನುಂಗಿಸಿ ಈ ಯಾವ ಹಂತವನ್ನೂ ಹಾರಿಸುವಂತಿಲ್ಲ.

ಮನೆಯವರ ಪಾತ್ರ

ಫಿಸಿಯೋ ಬಳಿ ಕಳೆಯುವುದು ವಾರಕ್ಕೆ ಎರಡೋ ಮೂರೋ ಗಂಟೆ. ಉಳಿದ ವ್ಯಾಯಾಮವೆಲ್ಲ ನಡೆಯುವುದು ಮನೆಯ ಹಾಲ್‌ನಲ್ಲಿ. ಯಾವ ದಿನ ಯಾವ ವ್ಯಾಯಾಮ, ಎಷ್ಟು ಬಾರಿ, ನೋವು ಎಷ್ಟು ಎಂದು ನೋಟ್ ಪುಸ್ತಕವೊಂದರಲ್ಲಿ ಮಕ್ಕಳಿಂದಲೇ ಬರೆಸಿದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆಟವಿಲ್ಲವೆಂದು ಊಟ ಕಡಿತಗೊಳಿಸಬಾರದು. ಗಾಯ ಮಾಯಲೂ ಬೇಳೆ, ಮೊಟ್ಟೆ, ಹಾಲಿನ ಪ್ರೋಟೀನ್ ಬೇಕೇ ಬೇಕು. ಹಲವು ವಿಮಾ ಪಾಲಿಸಿಗಳಲ್ಲಿ ಹೊರರೋಗಿ ಫಿಸಿಯೋಥೆರಪಿ ವೆಚ್ಚ ಸೇರಿರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸುವುದು ಲೇಸು.

ಮೈಗಾದ ಗಾಯಕ್ಕಿಂತ ಮನಸ್ಸಿಗಾದುದು ಹೆಚ್ಚು ಕಾಲ ಉಳಿಯುವುದುಂಟು. ತಂಡವೇ ಗೆಳೆಯರ ಬಳಗವಾಗಿರುವ ಮಗುವಿಗೆ ಮೈದಾನ ತಪ್ಪಿದರೆ ಸ್ನೇಹವೂ ತಪ್ಪುತ್ತದೆ. ಅಭ್ಯಾಸದ ವೇಳೆಗೆ ಮೈದಾನಕ್ಕೆ ಕರೆದೊಯ್ಯುವುದು, ಸ್ಕೋರ್ ಬರೆಯುವ ಅಥವಾ ಕಿರಿಯರಿಗೆ ಹೇಳಿಕೊಡುವ ಹೊಣೆಯನ್ನು ಕೋಚ್‌ರಿಂದ ಕೊಡಿಸುವುದು ಖರ್ಚಿಲ್ಲದ ಮದ್ದು. ‘ಯಾವಾಗ ಆಡುತ್ತೀಯ’ ಎಂದು ನೆಂಟರಿಷ್ಟರು ಪದೇ ಪದೇ ಕೇಳದಂತೆ ನೋಡಿಕೊಳ್ಳುವುದೂ ಆರೈಕೆಯೇ. ಮಗು ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆಗೆಟ್ಟರೆ ಟೆಲಿ-ಮಾನಸ್‌ನ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮರಳುವ ದಿನವನ್ನು ವೈದ್ಯರು, ಫಿಸಿಯೋ, ಕೋಚ್ ಮತ್ತು ಪೋಷಕರು ಕೂಡಿ ನಿರ್ಧರಿಸಬೇಕು. ಮಗುವಿನ ಮಾತಿಗೂ ಅಲ್ಲಿ ಜಾಗವಿರಬೇಕು. ‘ಇನ್ನೂ ಭಯವಾಗುತ್ತಿದೆ’ ಎಂದು ಮಗು ಹೇಳಿದರೆ ಅದು ಹೇಡಿತನವಲ್ಲ, ಸಿದ್ಧತೆ ಮುಗಿದಿಲ್ಲವೆಂಬ ಸೂಚನೆ. ಈ ವರ್ಷದ ಹೋಬಳಿ ಕ್ರೀಡಾಕೂಟ ತಪ್ಪಿದರೆ ಬರುವ ವರ್ಷ ಇನ್ನೊಂದು ಬರುತ್ತದೆ. ಮಂಡಿ ಮಾತ್ರ ಜೀವಮಾನಕ್ಕೆ ಅದೇ. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಮೈದಾನದ ಮಟ್ಟಿಗೂ ನಿಜ.