ಶಕುನಿಯ ದಾಳ, ಕರ್ಣನ ತೇರು: ತುಮಕೂರು ಸೀಮೆಯಲ್ಲಿ ಕುರುಕ್ಷೇತ್ರ ನಡೆದುಬಂದ ದಾರಿ

ಸುಗ್ಗಿ ಮುಗಿದು ರಾಗಿ ಮನೆ ಸೇರಿದ ಮೇಲೆ, ಮುಂಗಾರು ಹಿಡಿಯುವುದರೊಳಗೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಊರುಗಳಲ್ಲಿ ನಾಟಕದ ಕರಪತ್ರಗಳು ಓಡಾಡತೊಡಗುತ್ತವೆ. ಮೇಲೆ ಗ್ರಾಮದೇವತೆಯ ಹೆಸರು, ನಡುವೆ ದಪ್ಪಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’, ಕೆಳಗೆ ಉದ್ದನೆಯ ಪಾತ್ರವರ್ಗ. ಆ ಪಟ್ಟಿಯಲ್ಲಿ ಎಷ್ಟೋ ಸಲ ಕೃಷ್ಣ ಒಬ್ಬನೇ ಇರುವುದಿಲ್ಲ. ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಇಬ್ಬರಿರುತ್ತಾರೆ, ದುರ್ಯೋಧನನಿಗೂ ಹಾಗೆಯೇ. ಪಾರ್ಟು ಬೇಕೆನ್ನುವವರು ಹೆಚ್ಚು, ಪಾರ್ಟುಗಳು ಕಡಿಮೆ. ರೈತ, ಮೇಷ್ಟ್ರು, ಬಸ್ ಕಂಡಕ್ಟರ್, ಪೊಲೀಸ್, ಪಂಚಾಯ್ತಿ ಸದಸ್ಯ ಎಲ್ಲರೂ ತಮ್ಮ ಕೈಯಿಂದಲೇ ದುಡ್ಡು ಹಾಕಿ ಬಣ್ಣ ಹಚ್ಚುತ್ತಾರೆ.

ಆಸ್ಥಾನದ ಒಳಸಂಚು, ರಣರಂಗದ ಬಲಿದಾನ. ಈ ಎರಡು ಎಳೆಗಳನ್ನು ಹೆಣೆದ ಕಥೆಗೆ ಜಗತ್ತಿನಾದ್ಯಂತ ಬೇಡಿಕೆಯಿದೆ. ಅಮೆರಿಕದ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳು ಅದನ್ನು ಅಂತರಿಕ್ಷಕ್ಕೆ ಒಯ್ದವು, ತುಮಕೂರು ಸೀಮೆ ಊರ ಮುಂದಿನ ಬಯಲಿಗೆ ತಂದಿತು. ಕಂಪನಿ ನಾಟಕ, ಸಿನಿಮಾ, ಟಿ.ವಿ. ಒಂದರ ಹಿಂದೊಂದು ಬಂದರೂ ಇಲ್ಲಿ ಈ ಕಥೆ ಸವೆಯಲಿಲ್ಲ. ಗೆದ್ದವರಿಗಿಂತ ಸಂಚು ಹೂಡಿದವನ ಮೇಲೆ, ಸೋತು ಸತ್ತವನ ಮೇಲೆ ಈ ಸೀಮೆಯ ಪ್ರೇಕ್ಷಕ ಹೆಚ್ಚು ಕಣ್ಣಿಟ್ಟದ್ದು ಅದಕ್ಕೆ ಮುಖ್ಯ ಕಾರಣ.

ಹಳೆಯ ಬೇರು

ಸೋತವನ ಮೇಲಿನ ಈ ಅಕ್ಕರೆ ಕನ್ನಡದಲ್ಲಿ ಹೊಸದಲ್ಲ. ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ಅರ್ಜುನನನ್ನು ನಾಯಕನಾಗಿಸಿಯೂ ಕರ್ಣನಿಗೆ ಮನಸೋತ. ಸುಮಾರು 1000ದ ಹೊತ್ತಿಗೆ ಬಂದ ರನ್ನನ ‘ಗದಾಯುದ್ಧ’ದಲ್ಲಿ ಭೀಮನೇ ನಾಯಕ, ಆದರೂ ಓದಿದವರ ಎದೆಯಲ್ಲಿ ಉಳಿಯುವವನು ದುರ್ಯೋಧನ. ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನೇ ನಾಟಕವಾಗಿ ಅಳವಡಿಸಿದಾಗ ಆ ಸೋತ ಅರಸನ ದುರಂತವೇ ಮುಂದೆ ಬಂತು. ಹಳ್ಳಿಹಳ್ಳಿಗಳಲ್ಲಿ ಗಮಕಿಗಳು ಓದುತ್ತಿದ್ದ ಕುಮಾರವ್ಯಾಸ ಭಾರತವಂತೂ ಹತ್ತು ಪರ್ವಗಳಲ್ಲಿ, ಗದಾಪರ್ವದೊಂದಿಗೆ ನಿಲ್ಲುತ್ತದೆ. ಗೆದ್ದವರ ಮುಂದಿನ ಬಾಳುವೆಯನ್ನು ಹೇಳುವ ಗೋಜಿಗೆ ಅದು ಹೋಗಿಲ್ಲ.

ಬಯಲಾಟದಲ್ಲೂ ಇದೇ ಒಲವು. ಈ ಭಾಗದ ಮೂಡಲಪಾಯ ಯಕ್ಷಗಾನವನ್ನು ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಜೀ.ಶಂ. ಪರಮಶಿವಯ್ಯ ಪ್ರಮುಖರು. ಮೂಡಲಪಾಯದ ಬಲು ಜನಪ್ರಿಯ ಪ್ರಸಂಗಗಳಲ್ಲಿ ಒಂದಾದ ‘ಕರಿಭಂಟನ ಕಾಳಗ’ದಲ್ಲಿ ನಾಯಕನೇ ಬಲಿಯಾಗುತ್ತಾನೆ. ಭಾಗವತರ ಪದ, ಮುಖವೀಣೆಯ ದನಿ, ಭಾರಿ ಕಿರೀಟಗಳ ಅಬ್ಬರದ ಕುಣಿತ. ಮುಂದೆ ಕಂಪನಿ ನಾಟಕ ಬಂದಾಗ ರಾತ್ರಿಯಿಡೀ ಕೂತು ನೋಡುವ ಅಭ್ಯಾಸ ಇಲ್ಲಿನ ಜನಕ್ಕೆ ಆಗಲೇ ಮೈಗೂಡಿತ್ತು.

ಗುಬ್ಬಿಯ ಆನೆ, ಕುದುರೆ

1884ರಲ್ಲಿ ಗುಬ್ಬಿಯಲ್ಲಿ ಊರ ದೇವರು ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘವೊಂದು ಹುಟ್ಟಿತು. ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರಂಥವರು ಕಟ್ಟಿದ ಆ ಸಂಘಕ್ಕೆ ಎಳೆಯ ಹುಡುಗನಾಗಿ ಸೇರಿದ ವೀರಣ್ಣ ಮುಂದೆ ಅದರ ಯಜಮಾನರಾದರು. ‘ಸದಾರಮೆ’ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರ ಮನೆಮಾತಾಯಿತು. ಹಾಸ್ಯದಲ್ಲಿ ಹೆಸರು ಮಾಡಿದ ವೀರಣ್ಣ ಯುದ್ಧದ ಕಥೆಗೆ ಕೈಹಾಕಿದಾಗ ಖರ್ಚಿನ ಮುಖ ನೋಡಲಿಲ್ಲ. ಬಿ. ಪುಟ್ಟಸ್ವಾಮಯ್ಯನವರು ಬರೆದುಕೊಟ್ಟ ‘ಕುರುಕ್ಷೇತ್ರ’ವನ್ನು 1930ರ ದಶಕದಲ್ಲಿ ರಂಗಕ್ಕೆ ತಂದಾಗ ಜೀವಂತ ಆನೆ, ಕುದುರೆಗಳೇ ಪ್ರೇಕ್ಷಕರ ಎದುರು ಬಂದವು. ಬಣ್ಣದ ಪರದೆಯ ಮೇಲೆ ರಣರಂಗ ಬರೆದು ತೋರಿಸುತ್ತಿದ್ದ ಕಾಲ ಅದು.

ಈ ಸೀಮೆಯ ಜನಕ್ಕೆ ಯುದ್ಧದ ಕುದುರೆ ಪುರಾಣದ ಪ್ರಾಣಿಯೇನೂ ಆಗಿರಲಿಲ್ಲ. ಸೈನ್ಯಕ್ಕೆಂದು ಕುದುರೆ ಸಾಕುತ್ತಿದ್ದ ಕುಣಿಗಲ್ ಫಾರಂ ಟಿಪ್ಪುವಿನ ಕಾಲದಿಂದಲೂ ಹೆಸರಾದದ್ದು, ರೇಸ್ ಕುದುರೆಗಳ ತಾಣವಾದದ್ದು ಆಮೇಲೆ. ಮೊದಲ ಮಹಾಯುದ್ಧದ ವೇಳೆ, 1918ರ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ ಕುದುರೆ ಏರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ನೆನೆಯುವುದು ಹೈದರಾಬಾದ್, ಜೋಧಪುರಗಳ ಜತೆಗೆ ಮೈಸೂರಿನ ಈ ದಳವನ್ನೇ. ಮೈಸೂರು ಸಂಸ್ಥಾನದ ಪ್ರೇಕ್ಷಕರು ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ನೋಡಿದಾಗ ಆ ಯುದ್ಧ ಮುಗಿದು ಇನ್ನೂ ಎರಡು ದಶಕ ಕಳೆದಿರಲಿಲ್ಲ.

ಮೊದಲ ಕನ್ನಡ ಟಾಕಿ ಆರಿಸಿಕೊಂಡದ್ದೂ ಸೋತ ಪಕ್ಷದ ಯುದ್ಧಕಥೆಯನ್ನೇ. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ದಲ್ಲಿ ಕಥೆ ನಡೆಯುವುದು ರಾವಣನ ಮಗ ಇಂದ್ರಜಿತುವಿನ ಅರಮನೆಯಲ್ಲಿ, ಶೋಕ ಅವನ ಹೆಂಡತಿಯದು. ವೈ.ವಿ. ರಾವ್ ನಿರ್ದೇಶನದ ಆ ಚಿತ್ರದಲ್ಲಿ ಇಂದ್ರಜಿತು ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾಯರು, ಸುಲೋಚನ ತ್ರಿಪುರಾಂಬ. ಸಾಹಿತ್ಯ ಒದಗಿಸಿದವರು ತುಮಕೂರಿಗೆ ಹತ್ತಿರದ ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಗುಬ್ಬಿ ಕಂಪನಿಗೂ ನಾಟಕ ಬರೆದುಕೊಟ್ಟವರು ಅವರು.

ಕಂಪನಿಯ ನೆರಳಲ್ಲಿ ಬೆಳೆದವರ ಸಾಲು ದೊಡ್ಡದು. ಉಗ್ರ ಪಾತ್ರಗಳಿಗೆ ಹೆಸರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಅವರ ಮಗ ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ. ಕಾರಂತರನ್ನು ಓದಲೆಂದು ಬನಾರಸ್ಸಿಗೆ ಕಳಿಸಿದವರು ವೀರಣ್ಣನವರೇ. ಕಂಪನಿಯಲ್ಲಿ ಪಳಗಿದ ಹುಣಸೂರು ಕೃಷ್ಣಮೂರ್ತಿ 1977ರಲ್ಲಿ ‘ಬಭ್ರುವಾಹನ’ ನಿರ್ದೇಶಿಸಿದರು. ರಾಜ್‌ಕುಮಾರ್ ತಂದೆಯೂ ಆಗಿ ಮಗನೂ ಆಗಿ ತನ್ನೆದುರು ತಾನೇ ಬಿಲ್ಲೆತ್ತಿದ ಆ ಚಿತ್ರದ ಮಾತಿನ ಧಾಟಿ ಇಂದಿಗೂ ಹಳ್ಳಿ ರಂಗದ ಅರ್ಜುನರ ಬಾಯಲ್ಲಿ ಕೇಳಿಬರುತ್ತದೆ.

ಡ್ರಾಮಾ ಮೇಷ್ಟ್ರ ಕಾಲ

ಊರಿಂದೂರಿಗೆ ಕ್ಯಾಂಪು ಹಾಕುತ್ತಿದ್ದ ಕಂಪನಿಗಳು ಸಿನಿಮಾದ ಎದುರು ಸೊರಗಿದವು. ಅವು ಬಿಟ್ಟುಹೋದ ನಾಟಕಗಳನ್ನು ಹಳ್ಳಿಯವರು ಎತ್ತಿಕೊಂಡರು. ಆ ಕೆಲಸದ ನಡುಗಂಬ ಹಾರ್ಮೋನಿಯಂ ಮೇಷ್ಟ್ರು. ತಿಂಗಳುಗಟ್ಟಲೆ ಸಂಜೆ ಹೊತ್ತು ದೇವಸ್ಥಾನದ ಜಗಲಿಯಲ್ಲೋ ಶಾಲೆಯಲ್ಲೋ ತಾಲೀಮು. ರಾಗ ಗೊತ್ತಿಲ್ಲದವನ ಗಂಟಲಿಗೂ ಕಂದಪದ್ಯ ಕೂರಿಸುವುದು, ಉಸಿರು ಎಲ್ಲಿ ತೆಗೆಯಬೇಕೆಂದು ತಿದ್ದುವುದು, ಮಾತು ಮರೆತರೆ ಶ್ರುತಿ ಎಳೆದು ಮರ್ಯಾದೆ ಉಳಿಸುವುದು ಎಲ್ಲವೂ ಮೇಷ್ಟ್ರ ಹೊಣೆ. ಸೀನರಿ, ಕಿರೀಟ, ಭುಜಕೀರ್ತಿ, ಗದೆಗಳು ಬಾಡಿಗೆಗೆ ಬರುತ್ತವೆ. ದ್ರೌಪದಿ, ಕುಂತಿ, ಉತ್ತರೆಯ ಪಾರ್ಟುಗಳಿಗೆ ವೃತ್ತಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಮೈಕಿನಲ್ಲಿ ಬಹುಮಾನ ಕೊಟ್ಟವರ ಹೆಸರು ಕೂಗುವುದರಿಂದ ಕುರುಸಭೆ ನಡುನಡುವೆ ನಿಲ್ಲುವುದೂ ಉಂಟು.

ಇಲ್ಲಿ ರಾಜಕೀಯ ಸಂಚಿನ ಕೇಂದ್ರ ಶಕುನಿ. ಅವನಿಗೆ ಜನಪದ ಕೊಟ್ಟಿರುವ ಹಿನ್ನೆಲೆ ವ್ಯಾಸಭಾರತದಲ್ಲಿಲ್ಲ. ಕೌರವರು ಗಾಂಧಾರದವರನ್ನು ಸೆರೆಗೆ ತಳ್ಳಿ ತಲೆಗೊಂದು ಅಗುಳಿನಂತೆ ಅನ್ನ ಕೊಟ್ಟರಂತೆ. ಎಲ್ಲರ ಪಾಲನ್ನೂ ಒಬ್ಬನಿಗೆ ಉಣಿಸಿ, ಸೇಡಿಗಾಗಿ ಅವನೊಬ್ಬನನ್ನೇ ಉಳಿಸಿ, ಉಳಿದವರು ಸತ್ತರಂತೆ. ಹಾಗೆ ಸತ್ತ ತಂದೆಯ ಮೂಳೆಯಿಂದ ಶಕುನಿ ದಾಳ ಕೆತ್ತಿಕೊಂಡ. ಹೀಗಾಗಿ ರಂಗದ ಮೇಲಿನ ಶಕುನಿ ದುರ್ಯೋಧನನಿಗೆ ಸೋದರಮಾವ, ಪ್ರೇಕ್ಷಕರಿಗೆ ಶತ್ರುವಿನ ಮನೆಯಲ್ಲಿ ಉಂಡು ಮಲಗುವ ಗೂಢಚಾರ. ಅಳಿಯನ ಮುಂದೆ ಒಂದು ಮಾತು, ಅವನು ಒಳಹೋದ ಕೂಡಲೇ ಜನರ ಕಡೆ ತಿರುಗಿ ಇನ್ನೊಂದು ಮಾತು. ಹಾಡು ಅಷ್ಟಾಗಿ ಬಾರದ, ಮಾತಿನಲ್ಲಿ ಚುರುಕಿರುವ ನಟನಿಗೆ ಹೇಳಿ ಮಾಡಿಸಿದ ಪಾರ್ಟು ಇದು.

ಬಲಿದಾನದ ಭಾರ ಹೊರುವವರು ಅಭಿಮನ್ಯು ಮತ್ತು ಕರ್ಣ. ಪದ್ಮವ್ಯೂಹಕ್ಕೆ ಹೊರಟ ಹುಡುಗ ಉತ್ತರೆಯಿಂದ ಬೀಳ್ಕೊಳ್ಳುವ ದೃಶ್ಯ ಮುಂದಿನ ಸಾಲಿನ ಹೆಂಗಸರ ಕಣ್ಣು ಒದ್ದೆ ಮಾಡುತ್ತದೆ. ಕರ್ಣನ ಸಂಕಟ ಇನ್ನೂ ಗಂಟುಗಂಟಾದದ್ದು. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುವುದೂ ರಾಜಕಾರಣವೇ. ಯುದ್ಧಕ್ಕೆ ಮುನ್ನ ಶತ್ರುವಿನ ಸೇನೆಯ ದೊಡ್ಡ ಬಿಲ್ಲುಗಾರನನ್ನು ಒಳಗಿನಿಂದಲೇ ಸಡಿಲಿಸುವ ಉಪಾಯ ಅದು. ಕುಂತಿ ಕೇಳುವ ವರವೂ ಅದೇ ದಿಕ್ಕಿನದು. ಎಲ್ಲ ಗೊತ್ತಿದ್ದೂ ಉಪ್ಪಿನ ಋಣಕ್ಕೆ ನಿಲ್ಲುವ ಕರ್ಣನನ್ನು ಈ ಸೀಮೆ ತನ್ನವನೆಂದೇ ತಿಳಿದಿದೆ. ಅವನ ತೇರಿನ ಗಾಲಿ ಹೂಳುವ ಹೊತ್ತಿಗೆ ಮೂಡಣ ಕೆಂಪೇರುತ್ತಿರುತ್ತದೆ.

ಟಿ.ವಿ. ತಂದ ಯುದ್ಧಗಳು

1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ್’ ಶುರುವಾಯಿತು. 94 ಕಂತುಗಳ ಆ ಹಿಂದಿ ಧಾರಾವಾಹಿಗೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಗೂಫಿ ಪೇಂಟಲ್ ಅವರ ಕುಂಟುವ ಶಕುನಿ ದೇಶಕ್ಕೆಲ್ಲ ಪರಿಚಿತನಾದ. ಹಿಂದಿ ಪೂರ್ತಿ ಅರ್ಥವಾಗದಿದ್ದರೂ ಕಥೆ ಗೊತ್ತಿದ್ದ ಹಳ್ಳಿಯವರು ಟಿ.ವಿ. ಇದ್ದ ಮನೆಗಳಲ್ಲಿ ಕಿಕ್ಕಿರಿದರು. ಅದೇ ಕಾಲದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಮೈಸೂರು ಸಂಸ್ಥಾನದ್ದೇ ಯುದ್ಧ ಮತ್ತು ಒಳದ್ರೋಹದ ಕಥೆ. ಅದರ ಚಿತ್ರೀಕರಣದ ವೇಳೆ 1989ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಎದ್ದ ಬೆಂಕಿ ಅರವತ್ತಕ್ಕೂ ಹೆಚ್ಚು ಜನರ ಪ್ರಾಣ ತೆಗೆದುಕೊಂಡಿತು.

ಪರದೇಶದಲ್ಲಿ ಈ ಬಗೆಯ ಕಥೆ ವಿಜ್ಞಾನದ ವೇಷ ತೊಟ್ಟಿತು. ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಐದು ವರ್ಷಗಳ ಒಂದೇ ಕಾದಂಬರಿಯಂತೆ ಯೋಜಿಸಿದ ‘ಬ್ಯಾಬಿಲಾನ್ 5’ 1990ರ ದಶಕದ್ದು. 110 ಕಂತುಗಳಲ್ಲಿ 92ನ್ನು ಅವರೊಬ್ಬರೇ ಬರೆದರು. ಕ್ಷೀಣಿಸಿದ ಸಾಮ್ರಾಜ್ಯದ ಹಿರಿಮೆ ಮರಳಿಸಲು ರಹಸ್ಯ ಶಕ್ತಿಗಳೊಡನೆ ಕೈಜೋಡಿಸಿ ಕೊನೆಗೆ ತನ್ನವರನ್ನೇ ಸುಡುವ ಅದರ ರಾಯಭಾರಿ ಲಾಂಡೊ ಮೊಲಾರಿ, ಕುರುಸಭೆ ಬಲ್ಲವರಿಗೆ ಅಪರಿಚಿತನಾಗಿ ಕಾಣಲಾರ. 1998ರಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ನ ‘ಇನ್ ದಿ ಪೇಲ್ ಮೂನ್‌ಲೈಟ್’ ಎಂಬ ಕಂತು ಇನ್ನೂ ಹತ್ತಿರದ್ದು. ಸೋಲುತ್ತಿರುವ ಯುದ್ಧಕ್ಕೆ ತಟಸ್ಥ ರಾಷ್ಟ್ರವೊಂದನ್ನು ಎಳೆಯಲು ಕ್ಯಾಪ್ಟನ್ ಸಿಸ್ಕೊ ಸುಳ್ಳು ಸಾಕ್ಷ್ಯ ಹುಟ್ಟಿಸುತ್ತಾನೆ. ಆ ಮೋಸ ಕಂಡುಹಿಡಿದ ಸೆನೆಟರ್ ಕೊಲೆಯಾಗುತ್ತಾನೆ. ಸಿಸ್ಕೊ ಕೊನೆಗೆ ಆ ಪಾಪದ ಜತೆ ಬದುಕಬಲ್ಲೆನೆಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅಶ್ವತ್ಥಾಮ ಸತ್ತನೆಂಬ ಅರ್ಧ ಸುಳ್ಳಿನಿಂದ ದ್ರೋಣನನ್ನು ಕೆಡವಿದ ಕಥೆ, ಸೈಂಧವನಿಗಾಗಿ ಹಾಡಹಗಲೇ ಸೂರ್ಯನನ್ನು ಮರೆಮಾಡಿದ ಕಥೆ ಕೇಳಿ ಬೆಳೆದವರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ: ಸಿಸ್ಕೊನ ಗುಟ್ಟು ಅವನ ಕೋಣೆಯಲ್ಲೇ ಅಳಿಸಿಹೋಗುತ್ತದೆ, ಧರ್ಮರಾಯನ ಸುಳ್ಳು ಊರ ಮುಂದೆ ಮೈಕಿನಲ್ಲಿ ವಿಚಾರಣೆಗೆ ಬರುತ್ತದೆ.

ಇಂಥ ಪರಭಾಷೆಯ ಕಥೆಗಳ ಕನ್ನಡ ಡಬ್ಬಿಂಗ್‌ಗೆ ದಶಕಗಳ ಕಾಲ ಅಘೋಷಿತ ನಿಷೇಧವಿತ್ತು. ಅದು ಸ್ಪರ್ಧೆಗೆ ಅಡ್ಡಿಯೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣ ವಾಹಿನಿ ಹಿಂದಿಯ ಹೊಸ ‘ಮಹಾಭಾರತ’ವನ್ನು ಕನ್ನಡ ದನಿಯಲ್ಲಿ ಪ್ರಸಾರ ಮಾಡಿದಾಗ ಅದಕ್ಕೆ ಭಾರಿ ಪ್ರೇಕ್ಷಕವರ್ಗ ಸಿಕ್ಕಿತು. ಅದಕ್ಕೂ ಮುನ್ನ 2019ರ ಆಗಸ್ಟಿನಲ್ಲಿ ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’ 3ಡಿಯಲ್ಲೂ ಬಂತು. ದರ್ಶನ್ ಅದರಲ್ಲಿ ಮಾಡಿದ್ದು ದುರ್ಯೋಧನನ ಪಾತ್ರ. ರನ್ನನ ಕಾವ್ಯದ ನೆರಳಿನ ಆ ಚಿತ್ರದಲ್ಲೂ ಸೋಲುವವನಿಗೇ ನಾಯಕನ ಸ್ಥಾನ.

ಉಳಿಸಬೇಕಾದದ್ದು

ಇಷ್ಟೆಲ್ಲ ಪರದೆಗಳ ನಡುವೆಯೂ ಹಳ್ಳಿಯ ‘ಕುರುಕ್ಷೇತ್ರ’ ನಿಂತಿಲ್ಲ. ತುಮಕೂರು ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಕ್ಕೆ ಈಗಲೂ ಜನ ಸೇರುತ್ತಾರೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರಿಗೆ 2013ರಲ್ಲಿ ಪದ್ಮಶ್ರೀ ಬಂತು. ತಾತನಿಗೆ ಅದೇ ಗೌರವ ಸಂದದ್ದು 1972ರಲ್ಲಿ, ಅವರು ತೀರಿಕೊಂಡ ವರ್ಷ. ರಾಜ್ಯ ಸರ್ಕಾರ ವೃತ್ತಿರಂಗಭೂಮಿಗೆ ಕೊಡುವ ದೊಡ್ಡ ಪ್ರಶಸ್ತಿಯೂ ಅವರ ಹೆಸರಿನಲ್ಲಿದೆ.

ಹಳ್ಳಿಯ ಮೇಷ್ಟ್ರ ಕೈಬರಹದ ಪುಸ್ತಕಕ್ಕೆ ಮಾತ್ರ ಇಂಥ ಗೌರವವೂ ಇಲ್ಲ, ಜಾಗವೂ ಇಲ್ಲ. ಅಚ್ಚಾದ ‘ಕುರುಕ್ಷೇತ್ರ’ದ ಮೇಲೆ ಒಬ್ಬೊಬ್ಬ ಮೇಷ್ಟ್ರೂ ತಮ್ಮ ಮಟ್ಟು, ತಮ್ಮ ಕಂದ, ಶಕುನಿಗೆ ತಮ್ಮದೇ ಮಾತು ಸೇರಿಸಿದ್ದಾರೆ. ಈ ಸೇರ್ಪಡೆಗಳೇ ನಾಟಕವನ್ನು ಬದುಕಿಸಿದ್ದು, ಮೊದಲು ಕಳೆದುಹೋಗುವುದೂ ಅವೇ. 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾನಿಲಯ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಹಿರಿಯ ಮೇಷ್ಟ್ರುಗಳನ್ನು ಕೂರಿಸಿ, ಹಾರ್ಮೋನಿಯಂ ಸಮೇತ ಇಡೀ ನಾಟಕವನ್ನು ಒಬ್ಬೊಬ್ಬರಿಂದಲೂ ಧ್ವನಿಮುದ್ರಿಸಿಕೊಳ್ಳಬೇಕು, ಅವರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡಬೇಕು. ಈ ಕೆಲಸಕ್ಕೆ ಬೇಕಾದ ಖರ್ಚು ಒಂದು ಸಿನಿಮಾದ ಒಂದು ಯುದ್ಧದೃಶ್ಯದ ಖರ್ಚಿಗಿಂತ ಎಷ್ಟೋ ಕಡಿಮೆ.